ಮಳೆಗೆ ಮೊದಲು ಒಮ್ಮೆ ಲೋಡ್ ಕೊಟ್ಟು ನೋಡಿ

ಮೇ ತಿಂಗಳು ಮುಗಿಯುವ ಹೊತ್ತಿಗೆ ಮಲೆನಾಡಿನ ತೋಟದ ಮನೆಗಳಲ್ಲಿ ಸೌದೆ ಒಳಗೆ ಸೇರಿರುತ್ತದೆ, ಹೆಂಚು ಕೈಯಾಡಿಸಿ ಆಗಿರುತ್ತದೆ. ಜನರೇಟರ್ ಶೆಡ್ಡಿನ ಬಾಗಿಲು ಮಾತ್ರ ಹಾಕಿಯೇ ಇರುತ್ತದೆ. ಜುಲೈಯಲ್ಲಿ ಮರ ಬಿದ್ದು, ತಂತಿ ಹರಿದು, ದಿನಗಟ್ಟಲೆ ಕರೆಂಟ್ ಇಲ್ಲದಾಗ ಅದರ ನೆನಪು ಬರುತ್ತದೆ. ಸೆಲ್ಫ್ ಹೊಡೆದರೆ ಟಕ್ ಎಂದು ಒಂದು ಸದ್ದು, ಅಷ್ಟೇ. ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಪಾಡು ಬೇರೆ. ಅಲ್ಲಿ ವಾರಕ್ಕೊಮ್ಮೆ ಕಾವಲುಗಾರ ಬಂದು ಐದು ನಿಮಿಷ ಎಂಜಿನ್ ಓಡಿಸಿ, ಪುಸ್ತಕದಲ್ಲಿ ಟಿಕ್ ಹಾಕಿ ಹೋಗುತ್ತಾನೆ. ಮುಟ್ಟದೆ ಬಿಡುವುದಕ್ಕಿಂತ ಇದು ವಾಸಿ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ.

ಡೀಸೆಲ್ ಎಂಜಿನ್ನಿಗೆ ಕಿಡಿ ಹೊತ್ತಿಸುವ ಪ್ಲಗ್ ಇಲ್ಲ. 1897ರಲ್ಲಿ ಆಗ್ಸ್‌ಬರ್ಗ್‌ನಲ್ಲಿ ರುಡಾಲ್ಫ್ ಡೀಸೆಲ್ ಓಡಿಸಿ ತೋರಿಸಿದ ಎಂಜಿನ್ನಿನಿಂದ ಇವತ್ತಿನವರೆಗೂ ಅದರ ಜೀವಾಳ ಒಂದೇ: ಗಾಳಿಯನ್ನು ಬಲವಾಗಿ ಒತ್ತಿದರೆ ಅದು ಕಾಯುತ್ತದೆ, ಆ ಕಾವಿಗೇ ಇಂಧನ ಹೊತ್ತಿಕೊಳ್ಳುತ್ತದೆ. ಅಂದಮೇಲೆ ಸಿಲಿಂಡರ್ ಚೆನ್ನಾಗಿ ಕಾಯಲೇಬೇಕು. ಲೋಡ್ ಇಲ್ಲದೆ ಓಡಿದರೆ ಅದು ಸಾಕಷ್ಟು ಕಾಯುವುದಿಲ್ಲ. ಡೀಸೆಲ್ ಅರ್ಧಂಬರ್ಧ ಉರಿಯುತ್ತದೆ. ಉರಿಯದೆ ಉಳಿದದ್ದರಲ್ಲಿ ಸ್ವಲ್ಪ ರಿಂಗುಗಳ ಪಕ್ಕದಿಂದ ಇಳಿದು ಆಯಿಲ್ಲಿಗೆ ಸೇರಿ ಅದನ್ನು ತೆಳುವಾಗಿಸುತ್ತದೆ, ಇನ್ನು ಸ್ವಲ್ಪ ಸೈಲೆನ್ಸರ್ ಕಡೆಗೆ ಹೋಗುತ್ತದೆ. ಸೈಲೆನ್ಸರ್ ಜೋಡಣೆಯಲ್ಲಿ ಕಪ್ಪಗೆ ಅಂಟಂಟಾಗಿ ಏನೋ ಜಿನುಗಿದ್ದನ್ನು ಕಂಡಿದ್ದರೆ, ಅದು ಇದೇ. ಸೆಟ್ಟಿನ ಸಾಮರ್ಥ್ಯದ ಶೇ. 30ಕ್ಕಿಂತ ಕಡಿಮೆ ಲೋಡಿನಲ್ಲಿ ಬಹಳ ಹೊತ್ತು ಓಡಿಸುವುದೂ ಹೀಗೆಯೇ ಕೆಡುಕು. ಎರಡು ಬಲ್ಬು, ಒಂದು ಟಿ.ವಿ.ಗೆಂದು 15 ಕೆವಿಎ ಸೆಟ್ ತಂದಿಟ್ಟ ಮನೆಗಳಲ್ಲಿ ಎಂಜಿನ್ ಬೇಗ ಸೋಲುವುದು ಇದರಿಂದಲೇ.

ಆದ್ದರಿಂದ ತಿಂಗಳಿಗೊಮ್ಮೆ, ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ, ನಿಜವಾದ ಲೋಡ್ ಕೊಟ್ಟು ಓಡಿಸಿ. ಅರ್ಧದಷ್ಟಾದರೂ ಭಾರ ಬೀಳಲಿ. ತೋಟದ ಪಂಪು, ಪಲ್ಪರ್ ಮೋಟಾರು, ಗೀಸರ್, ಯಾವುದಾದರೂ ಆದೀತು. ದೊಡ್ಡ ಮೋಟಾರನ್ನು ಮೊದಲು ಹಾಕಿ, ದೀಪ ಫ್ಯಾನುಗಳು ಆಮೇಲೆ. ಹೊರಡುವ ಗಳಿಗೆಯಲ್ಲಿ ಮೋಟಾರು ಮಾಮೂಲಿಗಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಆಗ ಎಂಜಿನ್ ಪಕ್ಕ ನಿಂತು ಕೇಳಬೇಕು! ನಿಮಿಷಕ್ಕೆ 1500 ಸುತ್ತಿನ ಆ ಸಮಗತಿಯ ಸದ್ದು ಒಂದು ಕ್ಷಣ ಕುಗ್ಗುತ್ತದೆ, ಗವರ್ನರ್ ಡೀಸೆಲ್ ಹೆಚ್ಚಿಸುತ್ತದೆ, ಸದ್ದು ಮತ್ತೆ ಎದ್ದು ತನ್ನ ಶ್ರುತಿಗೆ ಬಂದು ನಿಲ್ಲುತ್ತದೆ. 50 ಹರ್ಟ್ಸ್ ಎಂದರೆ ಕಿವಿಗೆ ಇದೇ. ಸದ್ದು ಏಳುತ್ತಾ ಬೀಳುತ್ತಾ ತೂಗಾಡತೊಡಗಿದರೆ ಡೀಸೆಲ್ ದಾರಿಯಲ್ಲಿ ಗಾಳಿಯೋ ಕಸವೋ ಸೇರಿರಬಹುದು, ಗವರ್ನರಿನಲ್ಲೇ ತೊಡಕಿರಲೂಬಹುದು. ಹೊಗೆಯನ್ನೂ ನೋಡಿ. ಲೋಡ್ ಬಿದ್ದಾಗ ಒಂದು ಕಪ್ಪು ಉಗುಳು ಸಹಜ. ಕಪ್ಪು ನಿಲ್ಲದಿದ್ದರೆ ಏರ್ ಫಿಲ್ಟರ್ ಕಟ್ಟಿದೆ ಇಲ್ಲವೇ ಲೋಡ್ ಮೀರಿದೆ. ನೀಲಿಯಾದರೆ ಆಯಿಲ್ ಉರಿಯುತ್ತಿದೆ. ಎಂಜಿನ್ ಕಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಮೆಕ್ಯಾನಿಕ್‌ನನ್ನು ಕರೆಯುವುದೇ ಸರಿ.

ಆಯಿಲ್ ವಿಷಯದಲ್ಲಿ ಗಂಟೆ ಎಣಿಸಿ ಮೋಸಹೋಗುವವರು ಹೆಚ್ಚು. 250 ಗಂಟೆಗೊಮ್ಮೆ ಬದಲಿಸಿ ಎಂದು ಎಷ್ಟೋ ಸೆಟ್ಟುಗಳ ಪುಸ್ತಕದಲ್ಲಿರುತ್ತದೆ. ವರ್ಷಕ್ಕೆ ಇಪ್ಪತ್ತು ಗಂಟೆ ಓಡುವ ಸೆಟ್ಟಿಗೆ ಆ ಲೆಕ್ಕದಲ್ಲಿ ಸರದಿ ಬರುವುದೇ ಇಲ್ಲ. ನಿಂತ ಆಯಿಲ್ಲಿಗೂ ತೇವ ಸೇರುತ್ತದೆ, ಹುಳಿಯ ಅಂಶ ಬೇರಿಂಗನ್ನು ತಿನ್ನುತ್ತದೆ. ಗಂಟೆ ತುಂಬದಿದ್ದರೂ ವರ್ಷಕ್ಕೊಮ್ಮೆ, ಎಂಜಿನ್ ಬೆಚ್ಚಗಿರುವಾಗ ಇಳಿಸಿ, ಫಿಲ್ಟರನ್ನೂ ಬದಲಿಸಿ.

ಡೀಸೆಲ್ಲಿಗೆ ಶತ್ರು ನೀರು. ಅರ್ಧ ಖಾಲಿ ಟ್ಯಾಂಕಿನೊಳಗೆ ಮಳೆಗಾಲದ ಗಾಳಿ ತಣಿದು ಹನಿಗಟ್ಟುತ್ತದೆ, ಹನಿ ತಳಕ್ಕಿಳಿಯುತ್ತದೆ, ನೀರು ಡೀಸೆಲ್ ಕೂಡುವ ಅಂಚಿನಲ್ಲಿ ಸೂಕ್ಷ್ಮಜೀವಿ ಬೆಳೆದು ಲೋಳೆಯಾಗಿ ಫಿಲ್ಟರ್ ಕಟ್ಟುತ್ತದೆ. ಟ್ಯಾಂಕ್ ತುಂಬಿಸಿಡಿ, ವಾಟರ್ ಸೆಪರೇಟರಿನ ತಳದ ತಿರುಪು ಬಿಚ್ಚಿ ನೀರು ಹರಿಯಬಿಡಿ. ಡೀಸೆಲ್ ಪೂರ್ತಿ ಮುಗಿದು ಏರ್ ಲಾಕ್ ಆದರೆ ಸೆಲ್ಫ್ ಹೊಡೆದು ಬ್ಯಾಟರಿ ಸುಡಬೇಡಿ. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಲ್ಲುವವರೆಗೆ ಕೈಪಂಪು ಒತ್ತಿ ಗಾಳಿ ತೆಗೆಯಿರಿ.

ಇಷ್ಟಕ್ಕೆಲ್ಲ ಕೈ ಹಾಕುವ ಮೊದಲು ಸ್ವಿಚ್ಚನ್ನು ಆಟೋದಿಂದ ಆಫ್‌ಗೆ ತಿರುಗಿಸಿ, ಬ್ಯಾಟರಿಯ ನೆಗೆಟಿವ್ ವಯರು ಬಿಚ್ಚಿ ಪಕ್ಕಕ್ಕಿಡಿ. ಆಟೋ ಸೆಟ್ ಹೇಳದೆ ಕೇಳದೆ ಹೊರಡುತ್ತದೆ, ಬೆರಳು ಬೆಲ್ಟಿನಲ್ಲಿದ್ದರೂ ಹೊರಡುತ್ತದೆ. ಓಡುವ ಎಂಜಿನ್ನಿನ ಇಂಜೆಕ್ಟರ್ ಪೈಪು ಸೋರುತ್ತಿದೆಯೇ ಎಂದು ಬೆರಳಿಟ್ಟು ನೋಡಲೇಬೇಡಿ, ರಟ್ಟಿನ ತುಂಡು ಹಿಡಿಯಿರಿ. ಆ ಒತ್ತಡದಲ್ಲಿ ಚಿಮ್ಮಿದ ಡೀಸೆಲ್ ಚರ್ಮವನ್ನು ಸೀಳಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗುರುತು, ನೋವೂ ಮೊದಲಿಗೆ ಅಷ್ಟಿರುವುದಿಲ್ಲ. ಆದರೆ ಒಳಗೆ ಮಾಂಸ ಸಾಯುತ್ತದೆ, ತಕ್ಷಣ ಆಸ್ಪತ್ರೆ ಸೇರದಿದ್ದರೆ ಬೆರಳೇ ಹೋಗಬಹುದು. ಮಳೆ ಬರುತ್ತದೆಂದು ಸೆಟ್ಟನ್ನು ಜಗಲಿಗೋ ಕೊಟ್ಟಿಗೆಗೋ ತಂದು ಓಡಿಸುವುದೂ ಬೇಡ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಮಲಗಿದವರಿಗೆ ಎಚ್ಚರವೂ ಆಗುವುದಿಲ್ಲ.

ಇನ್ನೊಂದನ್ನು ಒತ್ತಿ ಹೇಳಬೇಕು. ಚೇಂಜ್ ಓವರ್ ಸ್ವಿಚ್ ಹಾಕಿಸದೆ, ಎರಡೂ ತುದಿಗೆ ಪಿನ್ ಇರುವ ವಯರು ಮಾಡಿಕೊಂಡು ಗೋಡೆಯ ಸಾಕೆಟ್ಟಿಗೆ ಜನರೇಟರ್ ಚುಚ್ಚುವ ರೂಢಿ ಕೆಲವು ಕಡೆ ಇದೆ. ಮೇನ್ ಆಫ್ ಮಾಡಲು ಮರೆತರೆ ಆ ಕರೆಂಟ್ ಮನೆಯಿಂದ ಹೊರಗೆ ಹರಿದು ಟ್ರಾನ್ಸ್‌ಫಾರ್ಮರಿಗೆ ಹಿಮ್ಮುಖವಾಗಿ ಹೋಗುತ್ತದೆ. ಇಳಿಸುವ ಟ್ರಾನ್ಸ್‌ಫಾರ್ಮರ್ ಹಿಂದಿನಿಂದ ಕೊಟ್ಟರೆ ಏರಿಸುತ್ತದೆ, 11,000 ವೋಲ್ಟ್ ಲೈನಿನಲ್ಲಿ ಜೀವ ಬರುತ್ತದೆ. ಅತ್ತ ಲೈನ್ ಸತ್ತಿದೆಯೆಂದು ನಂಬಿ, ಮಳೆಯಲ್ಲಿ ಕಂಬ ಹತ್ತಿದ ಲೈನ್‌ಮನ್ ನಮಗಾಗಿಯೇ ತಂತಿ ಕೂಡಿಸುತ್ತಿರುತ್ತಾನೆ. ಎರಡೂ ಕಡೆಯ ಕರೆಂಟ್ ಎಂದೂ ಒಂದಾಗದಂತೆ ತಡೆಯುವ ಆ ಸ್ವಿಚ್ಚಿನ ಬೆಲೆ ಸೆಟ್ಟಿನ ಬೆಲೆಯ ಎದುರು ಏನೂ ಅಲ್ಲ. ಅದಿಲ್ಲದ ಮನೆಗೆ ಅಂಗಡಿಯವರು ಜನರೇಟರ್ ಕೊಡಲೇಬಾರದು, ಎಲೆಕ್ಟ್ರಿಷಿಯನ್ ವಯರು ಎಳೆಯಲೇಬಾರದು.