ಸಂಪುಟ ಎರಡು ಅಂದರೆ ಯಾವ ಎರಡು?

ಮೊದಲು ಒಂದು ತಪ್ಪೊಪ್ಪಿಗೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಯ ಮೇಲಿನ ಪುಟ್ಟ ಬರಹವೊಂದರ ಫೋಟೋ ಹಾಕಿ, ‘ಅಪ್ರಕಟಿತ ಶಾಸನ’ ಅಂತ ನಾನು ಬರೆದಿದ್ದೆ. ಹುಡುಕದೆ ಬರೆದದ್ದಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿದ್ದ ‘ಎಪಿಗ್ರಾಫಿಯ ಕರ್ನಾಟಿಕ, ಸಂಪುಟ 2’ ಎಂಬ ಪಿಡಿಎಫನ್ನು ಮೊದಲಿಂದ ಕೊನೆಯವರೆಗೆ ಜಾಲಾಡಿದ್ದೆ. ಅದರಲ್ಲಿ ಇರಲಿಲ್ಲ, ಅಷ್ಟೇ.

ಕೆಲವು ವಾರಗಳ ನಂತರ ಬೇರೇನೋ ಕೆಲಸಕ್ಕೆ ವಿಶ್ವವಿದ್ಯಾಲಯವೊಂದರ ಗ್ರಂಥಾಲಯಕ್ಕೆ ಹೋದಾಗ ಅಲ್ಲಿನ ಗ್ರಂಥಪಾಲಕಿಗೆ ಆ ಫೋಟೋ ತೋರಿಸಿದೆ, ಸ್ವಲ್ಪ ಜಂಬದಿಂದಲೇ. ಅವರು ಕೇಳಿದ್ದು ಒಂದೇ ಪ್ರಶ್ನೆ: “ಯಾವ ಎಡಿಷನ್ ನೋಡಿದ್ರಿ ಸರ್?” ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ಒಳಗೆ ಹೋಗಿ ಮೂರು ಪುಸ್ತಕ ತಂದು ಮೇಜಿನ ಮೇಲಿಟ್ಟರು. ಮೂರೂ ಸಂಪುಟ 2!

ಶಾಸನ ಓದುವವರಿಗೆ ಗೊತ್ತಿರುವ ಸಂಗತಿಯೇ ಇದು, ಆದರೂ ಮತ್ತೆ ಹೇಳುತ್ತೇನೆ. ಬಿ.ಎಲ್. ರೈಸ್ 1889ರಲ್ಲಿ ಪ್ರಕಟಿಸಿದ ಶ್ರವಣಬೆಳಗೊಳದ ಸಂಪುಟದಲ್ಲಿ 144 ಶಾಸನಗಳಿವೆ. ಆರ್. ನರಸಿಂಹಾಚಾರ್ಯರ 1923ರ ಆವೃತ್ತಿಯಲ್ಲಿ 500. ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆ 1973ರಲ್ಲಿ ತಂದ ಪರಿಷ್ಕೃತ ಆವೃತ್ತಿಯಲ್ಲಿ 573. ನನ್ನ ಪಿಡಿಎಫ್ 1889ರದ್ದು. ಸ್ಕ್ಯಾನ್ ಮಾಡಿದವರು ಶೀರ್ಷಿಕೆ ಪುಟ ಬಿಟ್ಟಿದ್ದರು. ‘ಪ್ರಕಟಣೆಯ ವರ್ಷ’ದ ಜಾಗದಲ್ಲಿ ಕಡತ ಏರಿಸಿದ ವರ್ಷವನ್ನು ತುಂಬಿದ್ದರು. ನನ್ನ ‘ಅಪ್ರಕಟಿತ’ ಶಾಸನ 1923ರ ಪುಸ್ತಕದಲ್ಲಿ ಹತ್ತು ನಿಮಿಷದಲ್ಲಿ ಸಿಕ್ಕಿತು.

ಸ್ಕ್ಯಾನ್ ಮಾಡಿ ಹಂಚಿದವರನ್ನು ನಾನು ಬೈಯುತ್ತಿಲ್ಲ. ಅವರಿಲ್ಲದಿದ್ದರೆ ನನ್ನಂಥ ಎಂಜಿನಿಯರ್ ಈ ಕಡೆ ತಲೆ ಹಾಕುತ್ತಲೇ ಇರಲಿಲ್ಲ. ಆದರೆ ಪುಟಗಳ ಚಿತ್ರ ತೆಗೆದಿಟ್ಟರೆ ಡಿಜಿಟಲ್ ಗ್ರಂಥಾಲಯ ಆಯಿತು ಅನ್ನುವ ನಂಬಿಕೆ ಇದೆಯಲ್ಲ, ನನ್ನ ತಕರಾರು ಅದರ ಮೇಲೆ. ಆ ಗ್ರಂಥಪಾಲಕಿಯ ಪ್ರಶ್ನೆ ಕಡತದ ಜೊತೆಗೇ ಬರಬೇಕು. ಯಾವ ಆವೃತ್ತಿ, ಯಾವ ವರ್ಷ, ಯಾವ ಪುಟ ಇಲ್ಲ ಅನ್ನುವುದನ್ನು ಬರೆದಿಡುವುದೇ ಗ್ರಂಥಾಲಯದ ಕೆಲಸ. ಮಿಕ್ಕಿದ್ದು ಜೆರಾಕ್ಸ್ ಅಂಗಡಿಯ ಕೆಲಸ.

ಒಂದು ಒಳ್ಳೆಯ ಉದಾಹರಣೆ ಜರ್ಮನಿಯಲ್ಲಿದೆ. ಟ್ಯೂಬಿಂಗೆನ್ ವಿಶ್ವವಿದ್ಯಾಲಯದ ಗ್ರಂಥಾಲಯ ತನ್ನಲ್ಲಿದ್ದ ಹರ್ಮನ್ ಗುಂಡರ್ಟ್ ಸಂಗ್ರಹವನ್ನು 2018ರಲ್ಲಿ ‘ಗುಂಡರ್ಟ್ ಪೋರ್ಟಲ್’ ಹೆಸರಿನಲ್ಲಿ ತೆರೆಯಿತು. ಬಾಸೆಲ್ ಮಿಷನ್ನಿನ ಗುಂಡರ್ಟ್ ಮಲಯಾಳಂ ನಿಘಂಟು ಮಾಡಿದವರು. ಸಂಗ್ರಹದ ಹೆಚ್ಚಿನ ಪಾಲು ಮಲಯಾಳಂ, ಕನ್ನಡದ ಪುಸ್ತಕಗಳೂ ಇವೆ. ಅಲ್ಲಿ ಪುಸ್ತಕಗಳನ್ನು ಒಂದೊಂದಾಗಿ ವಿವರ ಬರೆದು ಪಟ್ಟಿ ಮಾಡಿದ್ದಾರೆ. ಬಹಳಷ್ಟು ಮಲಯಾಳಂ ಪುಟಗಳನ್ನು ಯುನಿಕೋಡಿಗೆ ಇಳಿಸಿದ್ದಾರೆ, ಪದ ಹಾಕಿ ಹುಡುಕಬಹುದು.

ಶಾಸನಗಳಿಗೆ ಇಷ್ಟೂ ಸಾಲದು. ಎರಡು ತೊಡಕು ಹೇಳುತ್ತೇನೆ.

ಒಂದು, ಅಕ್ಷರದ್ದು. ‘ಕೆರೆ’ ಅಂತ ಟೈಪಿಸಿ ಹುಡುಕಿದರೆ ಹಳಗನ್ನಡದ ‘ಕೆಱೆ’ ಸಿಗುವುದಿಲ್ಲ. ಱ ಮತ್ತು ೞ ಎರಡೂ ಯುನಿಕೋಡಿನಲ್ಲಿವೆ, ಆದರೆ ಕಂಪ್ಯೂಟರಿಗೆ ಱ ಬೇರೆ, ರ ಬೇರೆ. ಹುಡುಕುವಾಗ ಇವನ್ನು ಸೇರಿಸಿ ನೋಡು ಅಂತ ಯಾರಾದರೂ ಅದಕ್ಕೆ ಹೇಳಿಕೊಡಬೇಕು. ಇಲ್ಲದಿದ್ದರೆ ಕೆರೆಗಳ ಚರಿತ್ರೆ ಬರೆಯುವ ವಿದ್ಯಾರ್ಥಿ ‘ಈ ಊರಲ್ಲಿ ಕೆರೆಯ ಉಲ್ಲೇಖವೇ ಇಲ್ಲ’ ಅಂತ ಬರೆದುಬಿಡುತ್ತಾನೆ, ನಾನು ‘ಅಪ್ರಕಟಿತ’ ಅಂತ ಬರೆದ ಹಾಗೆ.

ಎರಡನೆಯದು ಸಂಖ್ಯೆಯದ್ದು, ದೊಡ್ಡದು. ಪಾರ್ಶ್ವನಾಥ ಬಸದಿಯ ಮಲ್ಲಿಷೇಣ ಪ್ರಶಸ್ತಿ ರೈಸ್‌ರಲ್ಲಿ 54, ನರಸಿಂಹಾಚಾರ್ಯರಲ್ಲಿ 67. ಲೇಖನವೊಂದರಲ್ಲಿ ‘ಎ.ಕ. 2, ಸಂ. 67’ ಅಂತ ಮಾತ್ರ ಇದ್ದು, ಓದುಗನ ಕೈಯಲ್ಲಿ 1889ರ ಪಿಡಿಎಫ್ ಇದ್ದರೆ ಅವನು ತೆರೆಯುವುದು ಬೇರೆಯದೇ ಶಾಸನ. ಸಾಲದ್ದಕ್ಕೆ ರೈಸ್‌ರ ಸಂಪುಟಗಳಲ್ಲಿ ಇಂಗ್ಲಿಷ್ ಅನುವಾದ, ರೋಮನ್ ಲಿಪಿಯ ಪಾಠ, ಕನ್ನಡ ಲಿಪಿಯ ಪಾಠ ಬೇರೆಬೇರೆ ಭಾಗಗಳಲ್ಲಿವೆ. ಒಂದೇ ಶಾಸನಕ್ಕೆ ಮೂರು ಕಡೆ ಓಡಾಡಬೇಕು.

ತಮಾಷೆ ನೋಡಿ, ಇದಕ್ಕೆ ಪರಿಹಾರ 1923ರಲ್ಲೇ ಇತ್ತು. ನರಸಿಂಹಾಚಾರ್ಯರು ತಮ್ಮ ಸಂಖ್ಯೆಯ ಪಕ್ಕ ಕಂಸದಲ್ಲಿ ರೈಸ್‌ರ ಸಂಖ್ಯೆಯನ್ನೂ ಅಚ್ಚು ಹಾಕಿಸಿದರು: 67 (54). ಹಳೆಯ ಉಲ್ಲೇಖ ಹಿಡಿದು ಬಂದವನು ದಾರಿ ತಪ್ಪಬಾರದು ಅನ್ನುವ ಕಾಳಜಿ ಅದು. ನಾನು ಬಳಸಿದ ಯಾವ ಡಿಜಿಟಲ್ ಕಡತದ ವಿವರದಲ್ಲೂ ಆ ಕಂಸ ಕಾಣಲಿಲ್ಲ.

ಇದಕ್ಕೆ ದೊಡ್ಡ ಯಂತ್ರ ಬೇಡ, ಕೃತಕ ಬುದ್ಧಿಮತ್ತೆಯೂ ಬೇಡ. ಒಂದು ಸ್ಪ್ರೆಡ್‌ಶೀಟ್, 573 ಸಾಲು: 1889ರ ಸಂಖ್ಯೆ, 1923ರ ಸಂಖ್ಯೆ, 1973ರ ಸಂಖ್ಯೆ, ಶಾಸನ ಇರುವ ಜಾಗ, ಪ್ರತಿ ಪುಟಕ್ಕೂ ಬದಲಾಗದ ಒಂದು ಕೊಂಡಿ. ಬೇಸಿಗೆ ರಜೆಯಲ್ಲಿ ಇಬ್ಬರು ಎಂ.ಎ. ವಿದ್ಯಾರ್ಥಿಗಳು ಗ್ರಂಥಪಾಲಕರ ಪಕ್ಕ ಕೂತು ಮುಗಿಸಬಹುದಾದ ಕೆಲಸ. ಆ ರಜೆಯಲ್ಲಿ ಅವರು ಕಲಿಯುವ ಶಾಸನಶಾಸ್ತ್ರ ಬೋನಸ್ಸು. ಮೂರೂ ಆವೃತ್ತಿ ಕಪಾಟಿನಲ್ಲಿರುವ ಗ್ರಂಥಾಲಯಗಳೇ ಇದನ್ನು ಮಾಡಬೇಕು. ಮನೆಯಲ್ಲಿ ಕೂತ ನನ್ನಂಥವನಿಂದ ಆಗುವುದು ಅರ್ಧಂಬರ್ಧ.

ಆ ಅರ್ಧಂಬರ್ಧವನ್ನು ಶುರು ಮಾಡಿದ್ದೇನೆ. ಹಳೆಯ ಬರಹದಿಂದ ‘ಅಪ್ರಕಟಿತ’ ಅನ್ನುವ ಪದ ತೆಗೆದು, ಏಕೆ ತೆಗೆದೆ ಅಂತ ಕೆಳಗೆ ಬರೆದಿದ್ದೇನೆ. ನಿಮ್ಮಲ್ಲೂ ಒಂದು ಕೋರಿಕೆ: ಶಾಸನದ ಸಂಖ್ಯೆ ಕೊಡುವಾಗ ಆವೃತ್ತಿಯ ವರ್ಷವನ್ನೂ ಕೊಡಿ. ನಾಲ್ಕೇ ಅಂಕಿ, ಆದರೆ ಮುಂದೆ ಬರುವವನ ಒಂದು ದಿನ ಉಳಿಯುತ್ತದೆ.