ಬೀಗ ತೆಗೆದ ಆಟದ ಪೆಟ್ಟಿಗೆ

ಅಕ್ಕನ ಮಗ ರಜೆಗೆ ಬಂದಾಗಲೆಲ್ಲ ಅವನ ಚೀಲದಲ್ಲಿ ಒಂದು ಹಳೆಯ ಆಟದ ಯಂತ್ರ ಇರುತ್ತದೆ. ಸೋನಿ ಕಂಪನಿಯ ಪ್ಲೇಸ್ಟೇಷನ್ ಪೋರ್ಟಬಲ್, ಹುಡುಗರ ಬಾಯಲ್ಲಿ ಪಿಎಸ್‌ಪಿ. ಎರಡೂ ಕೈಯಲ್ಲಿ ಹಿಡಿದು ಆಡುವ, ಕನ್ನಡಕದ ಡಬ್ಬಿಯಷ್ಟು ದೊಡ್ಡ ಕಪ್ಪು ಪೆಟ್ಟಿಗೆ. "ಇದಕ್ಕೆ ಕಸ್ಟಮ್ ಫರ್ಮ್‌ವೇರ್ ಹಾಕಿದ್ದೀನಿ ಚಿಕ್ಕಮ್ಮ, ಈಗ ಏನು ಬೇಕಾದರೂ ಓಡುತ್ತೆ" ಎಂದು ಒಮ್ಮೆ ಹೆಮ್ಮೆಯಿಂದ ಹೇಳಿದ. ಹಾಗೆಂದರೇನು ಎಂದು ಕೇಳಿ ತಿಳಿದುಕೊಂಡೆ. ತಿಳಿದ ಮೇಲೆ, "ಬೀಗ ಒಡೆಯೋದಕ್ಕೆ ಇಂಗ್ಲಿಷ್ ಹೆಸರಿಟ್ಟರೆ ಅದು ಕಳ್ಳತನ ಅಲ್ಲ ಅಂತಾಗುತ್ತೇನೋ?" ಎಂದುಬಿಟ್ಟೆ. ಹುಡುಗನ ಮುಖ ಸಪ್ಪಗಾಯಿತು. ಆ ದಿನ ಪೂರ್ತಿ ಅವನು ಪೆಟ್ಟಿಗೆಯನ್ನು ನನ್ನೆದುರು ತೆಗೆಯಲಿಲ್ಲ.

ಮೂವತ್ತು ವರ್ಷ ಪಾಠ ಹೇಳಿದವಳಿಗೆ ತೀರ್ಪು ಬೇಗ ಬಾಯಿಗೆ ಬರುತ್ತದೆ. ಆದರೆ ಆರೋಪ ಹೊರಿಸಿದ ಮೇಲೆ ವಿಚಾರಣೆಯನ್ನಾದರೂ ನೆಟ್ಟಗೆ ನಡೆಸಬೇಕಲ್ಲ!

ಯಂತ್ರದ ಒಳಗೇ ಇದ್ದು ಅದನ್ನು ನಡೆಸುವ ಮೂಲ ತಂತ್ರಾಂಶಕ್ಕೆ ಫರ್ಮ್‌ವೇರ್ ಎನ್ನುತ್ತಾರೆ. ಕಂಪನಿಯ ಸಹಿ ಇಲ್ಲದ ಯಾವುದನ್ನೂ ಓಡಿಸಕೂಡದು ಎಂಬುದು ಪಿಎಸ್‌ಪಿಯ ಫರ್ಮ್‌ವೇರ್‌ಗೆ ಇದ್ದ ಕಟ್ಟಪ್ಪಣೆ. 2004ರ ಡಿಸೆಂಬರ್ 12ರಂದು ಜಪಾನಿನಲ್ಲಿ ಮಾರಾಟಕ್ಕೆ ಬಂದ ಮೊದಲ ಯಂತ್ರಗಳಲ್ಲಿ ಈ ಕಾವಲು ಸಡಿಲವಾಗಿತ್ತು. ಹವ್ಯಾಸಿಗಳು ತಾವೇ ಬರೆದ ಪುಟ್ಟ ತಂತ್ರಾಂಶಗಳನ್ನು ಅದರಲ್ಲಿ ಓಡಿಸಿ ನೋಡಿದರು. ಹೀಗೆ ಮನೆಯಲ್ಲಿ ಮಾಡಿದ ಸರಕಿಗೆ ಹೋಂಬ್ರೂ ಎಂದು ಹೆಸರು. ಕಂಪನಿ ಹೊಸ ಹೊಸ ಫರ್ಮ್‌ವೇರ್ ಕೊಟ್ಟು ಬೀಗ ಬಿಗಿ ಮಾಡಿತು, ಇವರು ಇನ್ನೊಂದು ಸಂದಿ ಹುಡುಕಿದರು. ಒಂದು ಬಗೆಯ ಚಿತ್ರದ ಕಡತ ತೆರೆಯುವಾಗ ಯಂತ್ರ ತಡವರಿಸುತ್ತದೆಂದು 2005ರಲ್ಲಿ ಕಂಡುಕೊಂಡು, ಆ ತಡವರಿಕೆಯಲ್ಲೇ ಒಳಹೊಕ್ಕರು. 2006ರಲ್ಲಿ ಡಾರ್ಕ್ ಅಲೆಕ್ಸ್ ಎಂಬ ಅಡ್ಡಹೆಸರಿನ ಒಬ್ಬ, ಕಂಪನಿಯ ಫರ್ಮ್‌ವೇರನ್ನೇ ತಿದ್ದಿ, ಅದರ ಹೊಸ ಸವಲತ್ತುಗಳೂ ಉಳಿಯುವಂತೆ, ಸಹಿಯಿಲ್ಲದ್ದೂ ಓಡುವಂತೆ ಮಾಡಿದ. ಇದೇ ಕಸ್ಟಮ್ ಫರ್ಮ್‌ವೇರ್.

ಈ ಕೆಲಸದಲ್ಲಿ ಕೈ ತಪ್ಪಿದರೆ ಯಂತ್ರ ಮತ್ತೆ ಏಳುವುದಿಲ್ಲ. ಅದಕ್ಕೆ 'ಇಟ್ಟಿಗೆಯಾಯಿತು' ಎನ್ನುತ್ತಾರೆ. 2007ರಲ್ಲಿ ಅದಕ್ಕೂ ಮದ್ದು ಸಿಕ್ಕಿತು. ಬ್ಯಾಟರಿಯೊಳಗಿನ ಒಂದು ಸಂಖ್ಯೆಯನ್ನು ಬದಲಿಸಿದರೆ, ಯಂತ್ರ ತಾನು ಕಂಪನಿಯ ರಿಪೇರಿ ಮೇಜಿನ ಮೇಲಿದ್ದೇನೆಂದು ನಂಬಿ ತಾನಾಗಿ ಬಾಗಿಲು ತೆಗೆಯುತ್ತದೆ! ಇಷ್ಟು ಬುದ್ಧಿ ಖರ್ಚು ಮಾಡಿದ್ದು ಯಾವ ಸುಖಕ್ಕೆ ಎಂದು ಕೇಳಿದಾಗ, ಹುಡುಗ ಪೆಟ್ಟಿಗೆಯನ್ನು ನನ್ನ ಕೈಗಿತ್ತ. "ಇದೊಂದು ಆಡಿ ನೋಡು, ಆಮೇಲೆ ಬಯ್ಯಿ."

ಆ ಆಟದ ಹೆಸರು 'ಕೇವ್ ಸ್ಟೋರಿ'. ಜಪಾನಿನ ಡೈಸುಕೆ ಅಮಾಯಾ ಎಂಬಾತ ಬಿಡುವಿನ ವೇಳೆಯಲ್ಲಿ ಐದು ವರ್ಷ ದುಡಿದು, ಕಥೆ, ಚಿತ್ರ, ಸಂಗೀತ ಎಲ್ಲವನ್ನೂ ಒಬ್ಬನೇ ಮಾಡಿ, 2004ರ ಡಿಸೆಂಬರ್ 20ರಂದು ಕಂಪ್ಯೂಟರಿನಲ್ಲಿ ಆಡುವವರಿಗೆ ಪುಕ್ಕಟೆಯಾಗಿ ಕೊಟ್ಟ. ಬೀಗ ಹಾಕಿದ ಪಿಎಸ್‌ಪಿ ಬಂದ ಎಂಟೇ ದಿನಕ್ಕೆ, ಅದೇ ದೇಶದಲ್ಲಿ! ಮುಂದೆ ಹವ್ಯಾಸಿಗಳು ಅದನ್ನು ಪಿಎಸ್‌ಪಿಗೆ ಹೊಂದಿಸಿದರು. ಬೀಗ ತೆಗೆಯದೆ ಅದು ಒಳಗೆ ಬರುವಂತಿರಲಿಲ್ಲ.

ನನ್ನ ಬೆರಳುಗಳಿಗೆ ಆ ಚುರುಕಿಲ್ಲ. ನಾನು ಹೇಳಿದಂತೆ ಅವನು ಆಡಿದ. ನೆನಪು ಕಳೆದುಕೊಂಡ ಯಂತ್ರಮಾನವನೊಬ್ಬ ಗುಹೆಯಲ್ಲಿ ಎಚ್ಚರಗೊಳ್ಳುತ್ತಾನೆ. ಆಕಾಶದಲ್ಲಿ ತೇಲುವ ಆ ದ್ವೀಪದಲ್ಲಿ ಮೊಲದಂಥ ಮಿಮಿಗಾಗಳ ಹಳ್ಳಿಯಿದೆ. ಡಾಕ್ಟರ್ ಎಂಬ ಒಬ್ಬನಿಗೆ ಅವುಗಳಿಗೆ ಕೆಂಪು ಹೂ ತಿನ್ನಿಸಿ, ಹುಚ್ಚು ಹಿಡಿಸಿ, ಸೈನ್ಯವಾಗಿ ಬಳಸುವ ಹುನ್ನಾರ. ಟೊರೊಕೊ ಎಂಬ ಪುಟ್ಟ ಮಿಮಿಗಾಗೂ ಆ ಹೂ ತಿನ್ನಿಸುತ್ತಾರೆ. ಅಷ್ಟು ಹೊತ್ತು ಅವಳನ್ನು ಕಾಪಾಡಲು ಓಡಾಡಿದ ನಾವೇ ಅವಳೊಡನೆ ಹೋರಾಡಬೇಕು. ಹುಡುಗ ಗುಂಡಿ ಒತ್ತುತ್ತಿದ್ದರೆ ನನಗೆ ನೋಡಲಾಗಲಿಲ್ಲ. ಗೆದ್ದಮೇಲೂ ಗೆದ್ದೆವೆಂಬ ಭಾವ ಬರದಂತೆ ಮಾಡುವುದು ಸಾಮಾನ್ಯದ ಕಸುಬಲ್ಲ.

ಆದರೆ ಒಂದು ಕಡೆ ನನಗೆ ಈ ಕಥೆಗಾರನ ಮೇಲೆ ಸಿಟ್ಟು ಬಂತು. ಪ್ರೊಫೆಸರ್ ಒಬ್ಬರು ಹಳ್ಳಕ್ಕೆ ಬಿದ್ದಿರುತ್ತಾರೆ. "ನಿಲ್ಲೋ, ಮೊದಲು ಆ ಮೇಷ್ಟ್ರನ್ನು ನೋಡು" ಎಂದೆ. ಅವನು ಹೋದ. ಮೇಷ್ಟ್ರು ಒಂದು ಸಾಧನ ಕೈಗಿತ್ತು ಪ್ರಾಣ ಬಿಟ್ಟರು. "ಮಾತಾಡಿಸದೆ ಮೇಲಿಂದ ಹಾರಿಕೊಂಡು ಹೋಗಿದ್ದರೆ ಬದುಕುತ್ತಿದ್ದರು ಚಿಕ್ಕಮ್ಮ. ಒಳ್ಳೆಯ ಮುಕ್ತಾಯ ಸಿಗೋದೂ ಹಾಗೆ ಹೋದವರಿಗೇ!" ಬಿದ್ದವರನ್ನು ಎತ್ತಲು ಹೋದವರಿಗೆ ಶಿಕ್ಷೆ, ದಾಟಿ ಹೋದವರಿಗೆ ಬಹುಮಾನ. ಹಾಗಾಗಲು ಕಥೆಯೊಳಗೆ ಕಾರಣವಿದ್ದಿದ್ದರೆ ಒಪ್ಪುತ್ತಿದ್ದೆ. ಇಲ್ಲಿ ಅದು ಗೊತ್ತಿದ್ದವರಿಗಷ್ಟೇ ಗೊತ್ತಾಗುವ ಗುಟ್ಟು. ಒಳ್ಳೆಯ ಕೃತಿಯಲ್ಲಿ ಉಳಿದ ಒಂದು ಕುಚೋದ್ಯ.

ಇನ್ನು ಕಳ್ಳತನದ ಮಾತು. ತೆರೆದ ಬಾಗಿಲಿನಿಂದ ಬಂದದ್ದು ಇಂಥ ಆಟ ಮಾತ್ರವಲ್ಲ. ಅಂಗಡಿಯಲ್ಲಿ ಮಾರುವ ಡಿಸ್ಕುಗಳ ನಕಲು ಮಾಡಿ ಮೆಮೊರಿ ಕಾರ್ಡಿಗೆ ತುಂಬಿಕೊಂಡು, ದುಡ್ಡು ಕೊಡದೆ ಆಡಿದವರೂ ಆ ಬಾಗಿಲಿನಿಂದಲೇ ಬಂದರು. ಆ ಆಟಗಳ ಹಿಂದೆಯೂ ಸಂಬಳ ನಂಬಿದ ಮನೆಗಳಿದ್ದವು. "ಇದರಲ್ಲಿ ಮಾರಾಟದ ಆಟ ಎಷ್ಟಿವೆ? ಡಿಸ್ಕ್ ಕೊಂಡದ್ದು ಎಷ್ಟಕ್ಕೆ?" ಎಂದು ಕೇಳಿದೆ. ಹನ್ನೊಂದು ಇದ್ದವು, ಡಿಸ್ಕ್ ಇದ್ದದ್ದು ಮೂರಕ್ಕೆ. ಹುಡುಗ ನೆಲ ನೋಡಿದ.

ಆದರೆ ಕಂಪನಿಯ ಕಡೆಯೂ ಒಂದು ಪ್ರಶ್ನೆಯಿದೆ. 1990ರ ದಶಕದಲ್ಲಿ ಇದೇ ಸೋನಿ, ತನ್ನ ಮೊದಲ ಪ್ಲೇಸ್ಟೇಷನ್‌ಗೆ 'ನೆಟ್ ಯಾರೋಜೆ' ಎಂಬ ಕಿಟ್ ಮಾರಿ, ಮನೆಯಲ್ಲಿ ಆಟ ಬರೆಯುವವರಿಗೆ ದಾರಿ ಬಿಟ್ಟಿತ್ತು. ಪಿಎಸ್‌ಪಿಗೂ ಅಂಥದೊಂದು ಕಿರುಬಾಗಿಲು ಇಟ್ಟಿದ್ದರೆ, ಅಮಾಯಾನಂಥವರ ಆಟ ಬಯಸಿದವನು ಕಳ್ಳನ ಜೊತೆ ಒಂದೇ ಸಂದಿಯಲ್ಲಿ ನುಸುಳಬೇಕಾಗಿರಲಿಲ್ಲ. ಬೀಗಕ್ಕೆ ಇಬ್ಬರೂ ಒಂದೇ, ನಮಗೆ ಹಾಗಾಗಬಾರದು. 2014ರಲ್ಲಿ ಪಿಎಸ್‌ಪಿ ತಯಾರಿಕೆ ನಿಂತಿತು. 2021ರ ಜುಲೈನಿಂದ ಆ ಯಂತ್ರದೊಳಗಿನಿಂದಲೇ ಹೊಸ ಆಟ ಕೊಳ್ಳುವ ಅನುಕೂಲವೂ ಹೋಯಿತು. ಮಾಡಿದವರು ಕೈಬಿಟ್ಟ ಯಂತ್ರವನ್ನು ಇಂದಿಗೂ ರಿಪೇರಿ ಮಾಡಿ, ಅದಕ್ಕಾಗಿ ಹೊಸದಾಗಿ ಬರೆದು ನಡೆಸುತ್ತಿರುವವರು ಈ ಬೀಗ ತೆಗೆದವರೇ.

ಸಂಜೆ ಹುಡುಗನನ್ನು ಕರೆದು, "ಕಳ್ಳತನ ಅಂದದ್ದನ್ನು ಹಿಂದಕ್ಕೆ ತಗೊಂಡೆ ಕಣೋ. ಆದರೆ ಪೂರ್ತಿ ಅಲ್ಲ, ಆ ಎಂಟು ಆಟಗಳ ಲೆಕ್ಕ ಹಾಗೇ ಇರಲಿ" ಎಂದೆ. ಅವನು ತಲೆಯಾಡಿಸಿದ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೊದಲಿನಿಂದ ಆಡೋಣ್ವಾ ಚಿಕ್ಕಮ್ಮ? ಈ ಸಲ ಮೇಷ್ಟ್ರನ್ನು ಉಳಿಸಬಹುದು" ಎಂದ. ಕಾಫಿಗೆ ನೀರಿಟ್ಟು ಬಂದು ಪಕ್ಕದಲ್ಲಿ ಕೂತೆ.