ಹರಿವಿನ ಲೆಕ್ಕವೂ ಜೀವಕೋಶದ ನಡತೆಯೂ

ಬೆಳಕನ್ನುಂಡು ಬೆಳೆಯುವ ಸೂಕ್ಷ್ಮಜೀವಿಗಳ ಪೈಕಿ ವಿದ್ವಾಂಸರ ಪರಿಶೀಲನೆಗೆ ಬಹಳವಾಗಿ ಒಳಪಟ್ಟವುಗಳಲ್ಲಿ ಸಿನೆಕೋಸಿಸ್ಟಿಸ್ ೬೮೦೩ ಎಂಬ ನೀಲಹರಿತ ಜೀವಿಯು ಮುಖ್ಯವಾದುದು. ೧೯೯೬ರಲ್ಲಿ ಜಪಾನಿನ ಕಜುಸಾ ಸಂಶೋಧನಾಲಯದವರು ಇದರ ವಂಶವಾಹಿಗಳ ಪೂರ್ಣಪಾಠವನ್ನು ಪ್ರಕಟಿಸಿದರು. ದ್ಯುತಿಸಂಶ್ಲೇಷಣೆ ನಡೆಸುವ ಜೀವಿಗಳಲ್ಲಿ ಅಂತಹ ಪಾಠವು ದೊರೆತುದು ಇದೇ ಮೊದಲು. ಅದರ ಆಧಾರದಿಂದ ಕೋಶದೊಳಗಿನ ರಾಸಾಯನಿಕ ಕ್ರಿಯೆಗಳನ್ನು ಪಟ್ಟಿಮಾಡಿ, ಗಣಕಯಂತ್ರದಲ್ಲಿ ಅವುಗಳ ಪ್ರತಿರೂಪವನ್ನು ಕಟ್ಟುವ ಕಾರ್ಯವು ನಡೆದುಬಂದಿದೆ. ೨೦೧೨ರಲ್ಲಿ ಹುವಾನ್ ನೊಗಾಲೆಸ್ ಮತ್ತು ಅವರ ಸಂಗಡಿಗರು ಪ್ರಕಟಿಸಿದ ಪ್ರತಿರೂಪವು ಇವುಗಳಲ್ಲಿ ಗಣ್ಯವಾದುದು. ಅದರಲ್ಲಿ ೬೭೮ ವಂಶವಾಹಿಗಳೂ ೮೬೩ ಕ್ರಿಯೆಗಳೂ ಅಡಕವಾಗಿವೆ. ಇಂತಹ ಕೃತಿಗಳ ಮಾತನ್ನು ಎಲ್ಲಿಯವರೆಗೆ ನಂಬಬಹುದೆಂಬುದು ವಿಚಾರಾರ್ಹವಾಗಿದೆ.

ಇವರು ಹಿಡಿದ ಕ್ರಮವು ಸರಳವಾದುದು. ಕೆರೆಗೆ ಬಂದಷ್ಟು ನೀರು ಕೋಡಿಯಲ್ಲಿ ಹರಿದುಹೋಗುವಂತೆ, ಕೋಶದೊಳಗಿನ ಪ್ರತಿಯೊಂದು ವಸ್ತುವೂ ಹುಟ್ಟಿದಷ್ಟೇ ವ್ಯಯವಾಗುತ್ತದೆಂದು ಭಾವಿಸಲಾಗುತ್ತದೆ. ಈ ಸಮತೋಲವನ್ನು ಪಾಲಿಸುವ ಹರಿವುಗಳು ಅಸಂಖ್ಯ. ಅವುಗಳಲ್ಲಿ ಒಂದನ್ನು ಆರಿಸಲು ಗುರಿಯೊಂದು ಬೇಕು. ಸಾಮಾನ್ಯವಾಗಿ ಅತ್ಯಧಿಕ ಬೆಳವಣಿಗೆಯನ್ನೇ ಗುರಿಯೆಂದಿಟ್ಟು ಯಂತ್ರದಿಂದ ಉತ್ತರವನ್ನು ಪಡೆಯುತ್ತಾರೆ. ಕಿಣ್ವಗಳ ವೇಗವನ್ನು ಒಂದೊಂದಾಗಿ ಅಳೆಯದೆಯೇ ಇಡೀ ಕೋಶದ ಲೆಕ್ಕವು ಸಿಗುವುದು ಈ ಕ್ರಮದ ದೊಡ್ಡ ಗುಣ. ಆದರೆ ಆ ಗುರಿಯನ್ನು ಇಟ್ಟವನು ಗಣಿತಜ್ಞನೇ ಹೊರತು ಜೀವಿಯಲ್ಲವೆಂಬುದನ್ನು ಮರೆಯಲಾಗದು.

೨೦೧೨ರ ಕೃತಿಯ ಸಾಧನೆಯು ಅಲ್ಪವಲ್ಲ. ಇಂಗಾಲಾಮ್ಲವಾಯುವಿನ ಒಂದು ಅಣುವನ್ನು ಹಿಡಿದು ಸಕ್ಕರೆಯ ಮಾರ್ಗಕ್ಕೆ ಸೇರಿಸಲು ಕೆಲ್ವಿನ್ ಚಕ್ರಕ್ಕೆ ೩ ಎ.ಟಿ.ಪಿ. ಅಣುಗಳೂ ೨ ಎನ್.ಎ.ಡಿ.ಪಿ.ಎಚ್. ಅಣುಗಳೂ ಬೇಕು. ನೀರಿನಿಂದ ನೇರವಾಗಿ ಸಾಗುವ ಎಲೆಕ್ಟ್ರಾನುಗಳ ಹರಿವೊಂದೇ ಈ ಪ್ರಮಾಣದಲ್ಲಿ ಎ.ಟಿ.ಪಿ.ಯನ್ನು ಒದಗಿಸಲಾರದು. ಬಳಸುದಾರಿಯ ಹರಿವುಗಳು ಈ ಕೊರತೆಯನ್ನು ತುಂಬುವುವೆಂಬುದನ್ನೂ, ಅವು ಕೋಶಕ್ಕೆ ಅನಾವಶ್ಯಕವಾದ ಅಲಂಕಾರಗಳಲ್ಲವೆಂಬುದನ್ನೂ ಈ ಕೃತಿಯು ಲೆಕ್ಕದ ಮೂಲಕ ಸ್ಪಷ್ಟಪಡಿಸಿತು.

ಆದರೂ ‘ಅತ್ಯುತ್ತಮ’ ಎಂಬ ಮಾತು ಪರೀಕ್ಷೆಗೆ ನಿಲ್ಲಬೇಕು. ಇದೇ ಜೀವಿಗೆ ೨೦೦೫ರಲ್ಲಿಯೇ ಇಂತಹ ಲೆಕ್ಕವನ್ನು ಹಾಕಿದವರು ಅವಂತಿಕಾ ಶಾಸ್ತ್ರಿ ಮತ್ತು ಜಾನ್ ಮಾರ್ಗನ್. ೨೦೧೧ರಲ್ಲಿ ಅವರಿಬ್ಬರೂ ಜೇಮೀ ಯಂಗ್ ಮೊದಲಾದವರೊಡನೆ ಸೇರಿ, ಭಾರದ ಇಂಗಾಲವನ್ನು ಕೋಶಕ್ಕೆ ಉಣಿಸಿ, ಅದು ಹರಿದ ದಾರಿಯನ್ನು ಅಳೆದರು. ಗಣಿತವು ಹೇಳಿದುದಕ್ಕೂ ಕೋಶವು ಮಾಡಿದುದಕ್ಕೂ ಭೇದವು ಕಂಡಿತು: ಹಿಡಿದ ಇಂಗಾಲದಲ್ಲಿ ಒಂದಂಶವನ್ನು ಕೋಶವು ಪೆಂಟೋಸ್ ಫಾಸ್ಫೇಟಿನ ಉತ್ಕರ್ಷಣ ಮಾರ್ಗದಲ್ಲಿಯೂ ಮ್ಯಾಲಿಕ್ ಕಿಣ್ವದ ಮೂಲಕವೂ ಮತ್ತೆ ಬಿಟ್ಟುಕೊಡುತ್ತಿತ್ತು. ತಮ್ಮ ಲೆಕ್ಕವನ್ನು ತಾವೇ ಒರೆಗೆ ಹಚ್ಚಿದ ಈ ನಡೆ ಶ್ಲಾಘ್ಯವಾದುದು.

ಪಟ್ಟಿಯಲ್ಲಿಲ್ಲದ ಕ್ರಿಯೆಯನ್ನು ಯಂತ್ರವು ಕಾಣಲಾರದೆಂಬುದು ಎರಡನೆಯ ಮಿತಿ. ನೀಲಹರಿತ ಜೀವಿಗಳಲ್ಲಿ ಸಿಟ್ರಿಕ್ ಆಮ್ಲದ ಚಕ್ರವು ಪೂರ್ಣವಾಗಿಲ್ಲವೆಂದು ದಶಕಗಳ ಕಾಲ ನಂಬಲಾಗಿತ್ತು. ೨೦೧೧ರಲ್ಲಿ ಷುಯಿ ಝಾಂಗ್ ಮತ್ತು ಡೊನಾಲ್ಡ್ ಬ್ರಯಂಟ್ ಆ ಚಕ್ರವನ್ನು ಮುಚ್ಚುವ ಎರಡು ಕಿಣ್ವಗಳನ್ನು ತೋರಿಸಿಕೊಟ್ಟರು. ಇದು ಪ್ರಯೋಗಾಲಯದ ಕಾಣಿಕೆ. ಹಳೆಯ ನಂಬಿಕೆಯನ್ನೇ ಸಮೀಕರಣವಾಗಿ ಬರೆದ ಪ್ರತಿರೂಪವು ಎಷ್ಟು ಬಾರಿ ಲೆಕ್ಕ ಹಾಕಿದರೂ ಅದೇ ನಂಬಿಕೆಯನ್ನು ಹಿಂದಿರುಗಿಸುತ್ತದೆ.

ಮೂರನೆಯ ಮಿತಿಯು ಇವೆರಡಕ್ಕಿಂತ ಗುರುತರವಾದುದು. ಸ್ಥಿರಾವಸ್ಥೆಯ ಲೆಕ್ಕದಲ್ಲಿ ಕಾಲಕ್ಕೆ ಸ್ಥಾನವಿಲ್ಲ. ಫ್ಲೇವೋಡೈಐರನ್ ಎಂಬ ವರ್ಗದ ಎರಡು ಪ್ರೋಟೀನುಗಳು ಬೆಳಕಿನಿಂದ ದೊರೆತ ಎಲೆಕ್ಟ್ರಾನುಗಳನ್ನು ಆಮ್ಲಜನಕಕ್ಕೆ ಕೊಟ್ಟು ನೀರಾಗಿಸಿಬಿಡುತ್ತವೆ. ಬೆಳವಣಿಗೆಯನ್ನೇ ಗುರಿಯಾಗಿ ಕಂಡವನಿಗೆ ಇದು ದುಂದುವೆಚ್ಚವೆಂದು ತೋರುವುದು ಸಹಜ. ಇವುಗಳನ್ನು ತೆಗೆದ ಜೀವಿಯು ಸಮವಾದ ಬೆಳಕಿನಲ್ಲಿ ಚೆನ್ನಾಗಿಯೇ ಬೆಳೆಯುತ್ತದೆ. ಏರಿಳಿಯುವ ಬೆಳಕಿನಲ್ಲಿ ಬೆಳೆಯಲಾರದೆಂದು ೨೦೧೩ರಲ್ಲಿ ಫಿನ್ಲೆಂಡಿನ ಟುರ್ಕು ನಗರದ ಯಾಗುತ್ ಅಲ್ಲಾಹ್ವೆರ್ದಿಯೆವಾ ಮತ್ತು ಸಂಗಡಿಗರು ತೋರಿಸಿದರು. ಮೋಡ ಸರಿಯುವ ಆಕಾಶದ ಕೆಳಗೆ ಬಾಳುವ ಜೀವಿಗೆ ಈ ವೆಚ್ಚವು ಆಪತ್ತಿಗೆಂದು ತೆತ್ತ ಕಂದಾಯ. ಅದೇ ವರ್ಷ ಬರ್ಲಿನ್ನಿನ ಹೆನಿಂಗ್ ಕ್ನೂಪ್ ಮೊದಲಾದವರು ಹಗಲಿರುಳಿನ ಚಕ್ರವನ್ನು ಲೆಕ್ಕಕ್ಕೆ ತಂದುದು ಸರಿಯಾದ ದಿಕ್ಕಿನ ಹೆಜ್ಜೆ. ಆದರೆ ಕ್ಷಣಕ್ಷಣದ ಏರಿಳಿತವು ಅದಕ್ಕಿಂತ ಬೇರೆಯಾದ ಸಮಸ್ಯೆ.

ಈ ವಿಚಾರವು ಪಂಡಿತರ ವಿನೋದಕ್ಕಷ್ಟೇ ಸೇರಿದುದಲ್ಲ. ಇಂತಹ ಜೀವಿಗಳಿಂದ ಇಂಧನವನ್ನು ಪಡೆಯಬೇಕೆನ್ನುವವರು ಯಾವ ವಂಶವಾಹಿಯನ್ನು ಕತ್ತರಿಸಬೇಕೆಂದು ಈ ಪ್ರತಿರೂಪಗಳನ್ನೇ ಕೇಳುತ್ತಾರೆ. ಲೆಕ್ಕದಲ್ಲಿ ವ್ಯರ್ಥವೆಂದು ಕಂಡುದನ್ನು ಕತ್ತರಿಸಿದರೆ, ಸೀಸೆಯಲ್ಲಿ ಕೊಬ್ಬಿದ ಜೀವಿಯು ಬಯಲಿನ ಕೊಳದಲ್ಲಿ ಸೊರಗಬಹುದು. ಆದುದರಿಂದ ಪ್ರತಿರೂಪವನ್ನು ಕೋಶದ ಚಿತ್ರವೆಂದಲ್ಲ, ಕೋಶವು ದಾಟಲಾರದ ಎಲ್ಲೆಗಳ ನಕ್ಷೆಯೆಂದು ಓದುವುದು ಯುಕ್ತ. ಅಳತೆಯು ಆ ನಕ್ಷೆಗೆ ಹೊಂದದ ಕಡೆಯಲ್ಲಿಯೇ ಮುಂದಿನ ಸಂಶೋಧನೆಗೆ ಎಡೆಯಿದೆ.